ಬಾವಿಕಟ್ಟೆಯ ಹೆಂಗಸಿಗೆ ಅವ್ವನ ಮುಖ

ಹಿರಿಯೂರಿನಲ್ಲಿರುವ ನನ್ನ ಮೊಮ್ಮಗಳು ಒಂದು ಕ್ರೈಸ್ತ ಸಂಸ್ಥೆಗೆ ಚಿತ್ರ ಮಾಡಿಕೊಡುವ ಕೆಲಸದಲ್ಲಿದ್ದಾಳೆ. ಪೋಸ್ಟರು, ಕ್ಯಾಲೆಂಡರು, ಫೋನಿನಲ್ಲಿ ಕಳಿಸುವ ಚಿತ್ರ, ಎಲ್ಲ ಕಂಪ್ಯೂಟರಿನ ಮುಂದೆ ಕುಳಿತೇ ಮಾಡುತ್ತಾಳೆ. ಹೋದ ಸಲ ಅವಳ ಮನೆಗೆ ಹೋಗಿದ್ದಾಗ ಕೊಡ ಹಿಡಿದ ಒಂದು ಹೆಂಗಸಿನ ಚಿತ್ರ ತೋರಿಸಿದಳು. ಯಾರ ಮುಖ ಇದು ಎಂದು ಕೇಳಿದೆ. ಯಾರದೂ ಅಲ್ಲ ಅಜ್ಜಿ, ಹಾಗೇ ಸಿಗುತ್ತದೆ ಅಂದಳು. ಯಾರದೂ ಅಲ್ಲದ ಮುಖ ಸಿಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮಪ್ಪನದೂ ಇದೇ ಕೆಲಸ, ಇಂಥವರಿಗೇ. ಅವನ ಕೈಯಲ್ಲಿ ಪ್ರತಿ ಮುಖವೂ ಯಾರದೋ ಒಬ್ಬರದಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಆದದ್ದೆಲ್ಲ ಆದದ್ದು ಅದರಿಂದಲೇ. ಮೊಮ್ಮಗಳಿಗೆ ಹೇಳಲು ಹೊರಟೆ, ಅವಳಿಗೆ ಫೋನು ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರದುರ್ಗದ ಕೋಟೆಯ ಬುಡದಲ್ಲಿ ಒಂದು ಓಣಿ, ಆ ಓಣಿಯ ಕೊನೆಗೆ ನಮ್ಮ ಮಣ್ಣಿನ ಮಾಳಿಗೆ ಮನೆ. ಮೂರು ಭಾಗ, ಮೂವರ ರಾಜ್ಯ. ಬೀದಿ ಕಡೆಯ ಪಡಸಾಲೆ ಅಪ್ಪನದು. ಅಲ್ಲಿ ಗೋಡೆಯಿಂದ ಗೋಡೆಗೆ ಬಟ್ಟೆ ಬಿಗಿದಿರುತ್ತಿತ್ತು. ನಾವು ಒಳಗೆ ಹೊರಗೆ ಓಡಾಡಬೇಕೆಂದರೆ ಗೋಡೆಗೆ ಬೆನ್ನು ಒತ್ತಿಕೊಂಡು ಜರುಗಬೇಕು. ನಡುಮನೆ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಅಲ್ಲಿ ಮೂಲೆಯಲ್ಲಿ ಮನೆದೇವರ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಭಂಡಾರದ ಬಟ್ಟಲು. ನಾವು ಕುರಿ ಕಾಯುವವರು, ಕಂಬಳಿ ನೇಯುವವರು, ನಮ್ಮ ದೇವರಿಗೆ ಆ ಅರಿಶಿನಪುಡಿಯೇ ಎಲ್ಲ. ಹಿಂದಿನ ಅಡುಗೆಮನೆ ಅವ್ವನದು. ಅಲ್ಲಿಗೆ ಬೆಳಕು ಮಾಳಿಗೆಯ ಗವಾಕ್ಷಿಯಿಂದ ಬೀಳುತ್ತಿತ್ತು. ಒಂದು ತುಂಡು ಬಿಸಿಲು ಬೆಳಿಗ್ಗೆ ಒಲೆಯ ಮೇಲಿದ್ದರೆ ಮಧ್ಯಾಹ್ನಕ್ಕೆ ಒರಳಿನ ಮೇಲಿರುತ್ತಿತ್ತು. ಊಟಕ್ಕೆ ಎಲ್ಲರೂ ಕೂರುವುದು ಅಲ್ಲೇ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಒಮ್ಮೊಮ್ಮೆ ಜೋಳದ ರೊಟ್ಟಿ. ಅಪ್ಪನ ಉಗುರಲ್ಲಿ ಬಣ್ಣ ಇರುತ್ತಿತ್ತು, ಮುದ್ದೆಯ ಮೇಲೆ ನೀಲಿ ಗೆರೆ ಬೀಳುತ್ತಿತ್ತು, ಅಜ್ಜಿ ಬೈಯುತ್ತಿದ್ದಳು, ಅಪ್ಪ ಆ ತುತ್ತನ್ನೂ ನುಂಗುತ್ತಿದ್ದ.

ಅಪ್ಪ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಮಿಷನ್ನಿನವರು ಅವನ ಕೈ ನೋಡಿ ಕರೆದರು. ಅವರ ಬೋಧಕರು ಊರೂರಿಗೆ ಹೋಗಿ ಕತೆ ಹೇಳುತ್ತಿದ್ದರು. ಓದು ಬಾರದವರ ಊರಿಗೆ ಪುಸ್ತಕ ಒಯ್ದು ಏನು ಮಾಡುವುದು. ಅದಕ್ಕೇ ಕತೆಯನ್ನು ದೊಡ್ಡ ಬಟ್ಟೆಯ ಮೇಲೆ ಬರೆಸಿ, ಬಿದಿರಿನ ಗಳಕ್ಕೆ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಮರಕ್ಕೋ ಗೋಡೆಗೋ ನೇತುಹಾಕಿ, ಕೋಲಿನಿಂದ ತೋರಿಸುತ್ತಾ ಹೇಳುವುದು. ನಾವು ಆ ಮತಕ್ಕೆ ಸೇರಿದವರಲ್ಲ. ಸೇರಿರಿ ಎಂದು ಅವರು ಹೇಳಿದ್ದುಂಟು, ಅಪ್ಪ ಸುಮ್ಮನೆ ನಗುತ್ತಿದ್ದ. ಬಟ್ಟೆ ಮುಗಿದು ಸುರುಳಿಯಾದ ಮೇಲೆ ಅಜ್ಜಿ ನಡುಮನೆಯಿಂದ ಬಂದು ಹಿಂಬದಿಗೆ ಒಂದು ಚಿಟಿಕೆ ಭಂಡಾರ ಒತ್ತಿ ಹೋಗುತ್ತಿದ್ದಳು. ಹೋದದ್ದು ಸುಖವಾಗಿ ತಿರುಗಿ ಬರಲಿ ಎಂದು. ನಮ್ಮಲ್ಲಿಗೆ ಬರುತ್ತಿದ್ದ ಬೋಧಕರು ದೇವಪುತ್ರಪ್ಪನವರು. ಎಲ್ಲರೂ ಅವರನ್ನು ಅಯ್ನೋರು ಎನ್ನುತ್ತಿದ್ದರು. ಅವರು ಆ ಹಳದಿ ಕಲೆಯನ್ನು ನೋಡಿಯೂ ನೋಡದವರಂತೆ ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯವರಿಂದ ಕೆಡುಕಾಗುವುದಿಲ್ಲ ಎಂದು ನಾನು ಹೇಳುವುದಿಲ್ಲ.

ಚಿತ್ರ ಅಪ್ಪನದಾದರೂ ಬಟ್ಟೆ ಹದ ಮಾಡುವುದು ಅವ್ವನ ಕೆಲಸ. ಕಂಬಳಿ ನೇಯುವ ಹಾಸುನೂಲಿಗೆ ನಮ್ಮವರು ಹುಣಸೆಬೀಜದ ಅಂಟು ಬಳಿಯುತ್ತಾರೆ, ನೂಲು ಗಟ್ಟಿಯಾಗಲಿ ಎಂದು. ಅವ್ವ ಅದನ್ನೇ ಚಿತ್ರದ ಬಟ್ಟೆಗೂ ಮಾಡಿದಳು. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಹಾಕಿ, ಒರಳಲ್ಲಿ ರುಬ್ಬಿ, ಕೈ ಬಿಡದೆ ತಿರುವುತ್ತಾ ಕುದಿಸಬೇಕು. ಕೈ ಬಿಟ್ಟರೆ ಗಂಟು. ಕುದಿಸಿದ್ದನ್ನು ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಬಟ್ಟೆಗೆ ಬಳಿದು, ಒಣಗಿದ ಮೇಲೆ ಹೊಳೆಯ ನುಣುಪು ಕಲ್ಲಿನಿಂದ ಉಜ್ಜುತ್ತಿದ್ದಳು. ಅವಳು ಉಜ್ಜಿದ ಬಟ್ಟೆಯ ಮೇಲೆ ಕೈಯಾಡಿಸಿದರೆ ಎಳೆಗೂಸಿನ ಹೊಟ್ಟೆ ಮುಟ್ಟಿದ ಹಾಗೆ. ಇಷ್ಟು ನುಣುಪು ಬಟ್ಟೆ ಬೇರೆ ಯಾರಲ್ಲೂ ಇಲ್ಲ ಎಂದು ಅಯ್ನೋರು ಅಪ್ಪನನ್ನು ಹೊಗಳುತ್ತಿದ್ದರು. ಅಪ್ಪ ಹೊಗಳಿಕೆ ತೆಗೆದುಕೊಳ್ಳುತ್ತಿದ್ದ. ಅವ್ವ ಒಳಗೆ ಕೇಳಿಸಿಕೊಳ್ಳುತ್ತಿದ್ದಳು.

ಎದುರಿಗೆ ಮುಖವಿಲ್ಲದೆ ಮುಖ ಬರೆಯಲು ಅಪ್ಪನಿಗೆ ಬರುತ್ತಿರಲಿಲ್ಲ. ಬೆಟ್ಟ, ಮರ, ದೋಣಿ ಎಲ್ಲ ಮನಸ್ಸಿನಿಂದ ಬರುತ್ತಿದ್ದವು, ಮುಖ ಮಾತ್ರ ಇಲ್ಲ. ಅದಕ್ಕೆ ಅವರ ಶಾಸ್ತ್ರದ ಮಂದಿಯೆಲ್ಲ ನಮ್ಮ ಓಣಿಯವರೇ. ಕಳೆದ ಕಾಸು ಹುಡುಕುವ ಮುದುಕಿ ನಮ್ಮಜ್ಜಿ. ಬಲೆ ಎಳೆಯುವವರಲ್ಲಿ ಒಬ್ಬ ಪಕ್ಕದ ಮನೆಯ ಕಮ್ಮಾರ. ಸತ್ತು ಎದ್ದ ಹುಡುಗಿ ನಾನು. ಎದ್ದ ಮೇಲೂ ನನ್ನ ಮೂಗು ಸೋರುತ್ತಿತ್ತು, ಅಪ್ಪ ಅದನ್ನು ಬರೆಯಲಿಲ್ಲ. ಒಂದು ಸಲ ಕುರಿಗಾಹಿಯ ಚಿತ್ರ ಬಂತು. ಅಪ್ಪ ಹೆಗಲ ಮೇಲೆ ಕಂಬಳಿ ಹೊದಿಸಿ, ಹಿಂದೆ ನಮ್ಮ ಕಡೆಯ ಕರಿ ಕುರಿ ಬರೆದ. ಕುರಿ ಬಿಳಿ ಇರಬೇಕು ಎಂದು ಮಿಷನ್ನಿನಿಂದ ಹೇಳಿ ಕಳಿಸಿದರು. ಅಂಥ ಕುರಿಯನ್ನು ಅವನು ಕಂಡಿರಲಿಲ್ಲ. ಬಿಳಿ ಬಳಿದ, ಆದರೆ ಕಿವಿ ಮತ್ತು ಕಾಲು ಕಪ್ಪೇ ಉಳಿದವು, ಕೆಸರಲ್ಲಿ ನಿಂತ ಹಾಗೆ. ಇಂಥದ್ದಕ್ಕೆಲ್ಲ ಮನೆಯಲ್ಲಿ ನಗು. ನಗು ಇದ್ದ ಮನೆ ಎಂದು ತೋರಿಸುವುದಕ್ಕೆ ಇದನ್ನು ಬರೆದೆ, ಮುಂದೆ ಅದು ಇಲ್ಲ.

ಈಗ ಅವ್ವನ ವಿಷಯ ಹೇಳಬೇಕು. ಅವ್ವ ಕೆಂಚಮ್ಮ, ತವರು ಭರಮಸಾಗರ. ಮೊದಲು ಅವಳನ್ನು ಬಾಗೂರಿಗೆ ಕೊಟ್ಟಿದ್ದರು. ಆ ಗಂಡ ಜ್ವರ ಬಂದು ಸತ್ತ. ಅವ್ವ ತವರಿಗೆ ಬಂದು ಅಣ್ಣನ ಮನೆಯಲ್ಲಿ ಉಳಿದಳು. ಅಣ್ಣನ ಮಗಳು ಗಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅಪ್ಪ ಭರಮಸಾಗರಕ್ಕೆ ಬೋರ್ಡು ಬರೆಯಲು ಹೋಗಿದ್ದಾಗ ನೋಡಿ, ಕೇಳಿ, ಮನೆ ತುಂಬಿಸಿಕೊಂಡ. ಅದು ಮದುವೆಯಲ್ಲ, ಕೂಡಿಕೆ. ಗಂಡ ಸತ್ತವಳಿಗೆ ಚಪ್ಪರವಿಲ್ಲ, ವಾಲಗವಿಲ್ಲ. ನಾಲ್ಕು ಜನ ಹಿರಿಯರು ಒಳಮನೆಯಲ್ಲಿ ಕುಳಿತು, ಸೀರೆ ಉಡಿಸಿ, ತಾಳಿ ಕಟ್ಟಿಸಿ, ಮುಸುಕು ಹಾಕಿ ಕಳಿಸಿಬಿಡುವುದು. ಕೂಡಿಕೆಯವಳು ಹೆಂಡತಿ ಹೌದು, ಆದರೆ ಮದುವೆಮನೆಯಲ್ಲಿ ಮದುವಣಗಿತ್ತಿಗೆ ಅರಿಶಿನ ಹಚ್ಚುವಂತಿಲ್ಲ, ಆರತಿ ಹಿಡಿಯುವಂತಿಲ್ಲ. ನಮ್ಮ ಮನೆಯಲ್ಲೂ ದೇವರ ಪೆಟ್ಟಿಗೆಯ ಮೂಲೆಗೆ ಅವ್ವ ಹೋಗುವಂತಿರಲಿಲ್ಲ. ಅಜ್ಜಿ ಕೆಟ್ಟವಳಲ್ಲ. ಸೊಸೆಗೆ ಮುದ್ದೆ ಕಡಿಮೆ ಮಾಡಿದವಳಲ್ಲ. ಆದರೆ ಆ ಮೂಲೆ ಗುಡಿಸಬೇಕೆಂದರೆ ಪೊರಕೆ ನನ್ನ ಕೈಗೆ ಕೊಡುತ್ತಿದ್ದಳು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅಲ್ಲಿ ಕಸ ಉಳಿಯಿತು, ಇಲ್ಲಿ ಉಳಿಯಿತು ಎಂದು ನನಗೆ ತೋರಿಸುತ್ತಿದ್ದಳು.

ಹೊಸ ಚಿತ್ರ ಹೇಳುವ ಮೊದಲು ಅಯ್ನೋರು ನಮ್ಮ ಜಗಲಿಯ ಮೇಲೆ ಕುಳಿತು ಅದರ ಕತೆ ಹೇಳುತ್ತಿದ್ದರು. ಅಪ್ಪ ಬಣ್ಣ ಅರೆಯುತ್ತಾ ಕೇಳುತ್ತಿದ್ದ. ನಾನು ಕಾಲ ಬಳಿ ಕುಳಿತು ಗೋಂದು ಕುಟ್ಟುತ್ತಿದ್ದೆ. ಶಾಲೆಗೆ ನಾನು ಹೋದದ್ದು ಕಡಿಮೆ; ಅಕ್ಷರ ಕಲಿತದ್ದು ಅಪ್ಪನ ಬಟ್ಟೆಗಳ ತಳದ ಕೆಂಪು ಸಾಲುಗಳಿಂದ, ಕತೆ ಕಲಿತದ್ದು ಆ ಜಗಲಿಯಿಂದ. ಅವತ್ತಿನ ಕತೆ ಬಾವಿಯದು. ಅವರ ಸ್ವಾಮಿ ನಡೆದು ದಣಿದು ಮಧ್ಯಾಹ್ನದಲ್ಲಿ ಒಂದು ಬಾವಿಕಟ್ಟೆಯ ಮೇಲೆ ಕೂರುತ್ತಾನೆ. ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಅವಳ ಜನರ ಕೈಯ ನೀರನ್ನು ಸ್ವಾಮಿಯ ಜನ ಕುಡಿಯುವವರಲ್ಲ. ಸ್ವಾಮಿ ಅವಳನ್ನೇ ನೀರು ಕೇಳುತ್ತಾನೆ. ಮಾತಿಗೆ ಮಾತು ಬಂದು, ನಿನಗೆ ಐದು ಜನ ಗಂಡಂದಿರಾದರು, ಈಗ ಇರುವವನು ನಿನ್ನ ಗಂಡನಲ್ಲ ಎಂದು ಅವಳ ಗುಟ್ಟನ್ನೆಲ್ಲ ಹೇಳುತ್ತಾನೆ. ಅವಳು ಕೊಡ ಅಲ್ಲೇ ಬಿಟ್ಟು ಓಡಿ ಊರನ್ನೆಲ್ಲ ಕರೆದುಕೊಂಡು ಬರುತ್ತಾಳೆ. ಇಷ್ಟನ್ನೂ ಅಯ್ನೋರು ಹೇಳಿದರು, ಏನೂ ಬಿಡಲಿಲ್ಲ. ಐದು ಜನಕ್ಕೆ ಅವಳು ಮುದ್ದೆ ಹೇಗೆ ತಿರುವುತ್ತಿದ್ದಳು ಎಂಬುದು ನನ್ನ ಯೋಚನೆ. ಅಪ್ಪ ಕೇಳಿದ್ದು ಒಂದೇ ಮಾತು: ಕೊಡ ಮಣ್ಣಿನದೋ ತಾಮ್ರದ್ದೋ.

ಮಾರನೆಯ ದಿನ ಅಪ್ಪ ಅವ್ವನನ್ನು ಹಿತ್ತಿಲಲ್ಲಿ ನಿಲ್ಲಿಸಿಕೊಂಡ. ಬೇರೆ ಯಾವ ಹೆಂಗಸು ಬಂದು ಅವನೆದುರು ನಿಲ್ಲುತ್ತಿದ್ದಳು. ಅವ್ವ ಎಡಚಿ, ಕೊಡ ಎಡಸೊಂಟಕ್ಕೆ ಏರಿಸುತ್ತಿದ್ದಳು; ಹಾಗೇ ಬರೆದ. ಅವಳ ಗದ್ದದ ಮೇಲೆ ಮೂರು ಹಚ್ಚೆ ಚುಕ್ಕೆ, ಮುಂಗೈ ಮೇಲೆ ತೊಟ್ಟಿಲ ಹಚ್ಚೆ, ಅವನ್ನೂ ಬರೆದ. ಹಚ್ಚೆ ಬಿಡಬಹುದಿತ್ತು. ಕಂಡದ್ದನ್ನು ಬಿಡುವುದು ಅವನಿಗೆ ಬರುತ್ತಿರಲಿಲ್ಲ. ಯಾರು ಈ ಹೆಂಗಸು ಎಂದು ಅವ್ವ ಕೇಳಿದಳು. ನೀರಿಗೆ ಬಂದವಳು ಒಬ್ಬಳು ಎಂದ. ಒಲೆಯ ಮೇಲೆ ಹುರುಳಿ ಸೀಯುತ್ತಿದೆ, ಬೇಗ ಮುಗಿಸು ಎಂದು ಅವಳ ಕಾಟ. ಚಿತ್ರ ಮುಗಿದ ದಿನ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಟ್ಟೆಯ ಮುಂದೆ ನಿಂತಳು. ಅಷ್ಟು ದೊಡ್ಡದಾಗಿ ಅವಳ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ನಮ್ಮ ಮನೆಯ ಕನ್ನಡಿ ಅಂಗೈಯಗಲದ್ದು. ತುಂಬ ಹೊತ್ತು ನೋಡಿ ಮೂಗು ದಪ್ಪವಾಯಿತು ಎಂದಳು. ಆಮೇಲೂ ಅವತ್ತೆಲ್ಲ ಏನೋ ನೆಪ ಮಾಡಿಕೊಂಡು ಪಡಸಾಲೆಗೆ ಬರುತ್ತಿದ್ದಳು.

ಬಟ್ಟೆ ಹೋಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಸುತ್ತಿ, ಕೊನೆಗೆ ಭರಮಸಾಗರದ ಸಂತೆಗೂ ಹೋಯಿತು. ಅಲ್ಲಿ ಅದು ಯಾರ ಮುಖ ಎಂದು ಗೊತ್ತಿಲ್ಲದವರು ಯಾರಿದ್ದರು.

ಒಂದು ಬೆಳಿಗ್ಗೆ ಅವ್ವನ ಅಣ್ಣ ರಂಗಪ್ಪಮಾವ ಮೊದಲ ಬಸ್ಸಿಗೆ ಬಂದ. ಕೈಕಾಲು ತೊಳೆಯಲಿಲ್ಲ, ಅವ್ವ ತಂದ ನೀರು ಮುಟ್ಟಲಿಲ್ಲ. ಅಪ್ಪ ಮನೆಯಲ್ಲಿರಲಿಲ್ಲ, ಬಣ್ಣ ತರಲು ಹೋಗಿದ್ದ. ಮಾವ ಪಡಸಾಲೆಯಲ್ಲಿ ನಿಂತು ಗೋಡೆಯ ಮೇಲಿದ್ದ ಅರ್ಧ ಚಿತ್ರವನ್ನು ಒಮ್ಮೆ ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಇಲ್ಲ. ಮೆಲ್ಲಗೆ ಹೇಳಿದ.

"ನಿನ್ನ ಗಂಡ ನಿನ್ನ ತಂದು ಸಂತೇಲಿ ನೇತಾಕವ್ನೆ ಕೆಂಚಿ. ಐದು ಜನರ ಕೂಡೆ ಬಾಳಿದೋಳು, ಈಗಿರೋನೂ ಇವಳ ಗಂಡ ಅಲ್ಲ ಅಂತ ಅಯ್ನೋರು ಕೋಲಿಟ್ಟು ತೋರಿಸ್ತಾರೆ. ಜನ ನನ್ನ ಮುಖ ನೋಡಿ ನಗ್ತಾರೆ. ಎಡಸೊಂಟದ ಕೊಡನೂ ಬಿಟ್ಟಿಲ್ಲ ಅವನು."

ಗಂಗಿಗೆ ಗಂಡು ಗೊತ್ತಾಗಿತ್ತು. ಅವ್ವ ಅವಳಿಗೆಂದು ಹಸಿರು ಕುಬಸದ ಬಟ್ಟೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದಳು. ಮಾವ ಅದನ್ನೂ ಹೇಳಿಯೇ ಹೋದ.

"ಹುಡುಗಿ ಮದುವೆಗೆ ನೀನು ಬರಬ್ಯಾಡ. ಮೂಲೆಗೆ ಕುಂತು ಉಂಡು ಹೋಗ್ತಿದ್ದೆ, ಯಾರೂ ಏನೂ ಅಂತಿರಲಿಲ್ಲ. ಈಗ ಬೀಗರು ನೋಡಿದ್ರೆ ಕೆಟ್ಟೋಗ್ತದೆ."

ಅವನು ಹೋದ ಮೇಲೆ ಅವ್ವ ಆ ಚೊಂಬಿನ ನೀರನ್ನು ಹಿತ್ತಿಲ ಕರಿಬೇವಿನ ಗಿಡಕ್ಕೆ ಹಾಕಿ ಬಂದು ಒರಳ ಮುಂದೆ ಕುಳಿತಳು. ಅಪ್ಪ ಬರುವವರೆಗೂ ರುಬ್ಬಿದಳು. ಅವನು ಬಂದಾಗ ರುಬ್ಬುಗುಂಡಿನಿಂದ ಕೈ ತೆಗೆಯದೆ ಮಾವ ಹೇಳಿದ್ದನ್ನೆಲ್ಲ ಹೇಳಿದಳು. ಸಿಟ್ಟು ಮಾಡಲಿಲ್ಲ. ಮದುವೆಗೆ ಬರಬೇಡ ಎಂದದ್ದನ್ನೂ ನಾಳೆ ಸೌದೆ ಇಲ್ಲ ಎನ್ನುವ ಹಾಗೆ ಹೇಳಿದಳು. ಆಮೇಲೆ ಕೇಳಿದಳು.

"ಬರೆಯೋವಾಗ ನಿನಗೆ ಕತೆ ಗೊತ್ತಿತ್ತಾ?"

"ಇಲ್ಲ. ಹೆಂಗಸು, ಬಾವಿ, ಕೊಡ ಅಂದ್ರು. ಬರೆದೆ."

ಅವ್ವ ನನ್ನ ಕಡೆ ತಿರುಗಿದಳು.

"ಸಿದ್ದಿ, ನೀನು ಅಲ್ಲೇ ಕುಂತಿದ್ದೆ. ಅಯ್ನೋರು ಕತೆ ಹೇಳಿದ್ರಾ?"

"ಹೇಳಿದ್ರು. ಐದು ಗಂಡಂದಿರದೂ ಹೇಳಿದ್ರು. ಅಪ್ಪ ಕೊಡ ಮಣ್ಣಿಂದಾ ತಾಮ್ರದ್ದಾ ಅಂತ ಕೇಳ್ದ."

ಅಪ್ಪ ನನ್ನನ್ನು ನೋಡಿದ. ಹೊಡೆಯಲಿಲ್ಲ, ಬೈಯಲಿಲ್ಲ, ಪಡಸಾಲೆಗೆ ಹೋಗಿ ಒಣಗಿದ ಕುಂಚ ತೆಗೆದುಕೊಂಡು ತೊಳೆಯತೊಡಗಿದ. ಆಮೇಲೆ ಅಜ್ಜಿ ನನ್ನನ್ನು ಕರೆದು, ಇಂಥ ಕಡೆ ಸುಮ್ಮನಿರಬೇಕು ಅಂದಳು. ಯಾಕೆ ಎಂದೆ. ಸಂಸಾರ ಅಂದಳು. ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ಒಪ್ಪಿಗೆಯಿಲ್ಲ. ಕೇಳಿದರೆ ಇದ್ದದ್ದು ಹೇಳುತ್ತೇನೆ. ಈ ಬುದ್ಧಿಯಿಂದ ನನ್ನ ಗಂಡನ ಮನೆಯಲ್ಲಿ ನಾನು ಪಟ್ಟದ್ದು ಬಹಳ, ಸೊಸೆಯರು ಈಗಲೂ ಪಡುತ್ತಿದ್ದಾರೆ. ಬಿಟ್ಟಿಲ್ಲ.

ಅಪ್ಪ ಸುಳ್ಳು ಹೇಳಿದ್ದು ಅವ್ವನಿಗೆ ಚಿತ್ರಕ್ಕಿಂತ ಹೆಚ್ಚಾಯಿತು. ಗೊತ್ತಿಲ್ಲದೆ ಬರೆದಿದ್ದರೆ ದಡ್ಡ ಎಂದು ಬಿಡಬಹುದಿತ್ತು. ಗೊತ್ತಿದ್ದು ಬರೆದ ಎಂದರೆ, ಮನೆಯ ಮೂಲೆಯಿಂದ, ಮದುವೆಯ ಚಪ್ಪರದಿಂದ ಅವಳನ್ನು ದೂರ ಇಟ್ಟ ಜನ ಏನು ಅಂದುಕೊಂಡಿದ್ದಾರೋ ಅದನ್ನೇ ಇವನೂ ಅಂದುಕೊಂಡಿದ್ದಾನೆ, ಬಾಯಲ್ಲಿ ಹೇಳದೆ ಬಣ್ಣದಲ್ಲಿ ಹೇಳಿದ್ದಾನೆ. ಅವಳು ಹಾಗೇ ತಿಳಿದಳು. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ. ಅವತ್ತಿನಿಂದ ಅವಳು ಅಪ್ಪನ ಹತ್ತಿರ ಮಾತು ಬಿಟ್ಟಳು. ಅಡುಗೆ ಬಿಡಲಿಲ್ಲ, ಅವನ ಬಟ್ಟೆಗೆ ಅಂಟು ಕುದಿಸುವುದನ್ನೂ ಬಿಡಲಿಲ್ಲ. ಗಂಗಾಳದಲ್ಲಿ ಮುದ್ದೆ ಇಟ್ಟು ಅವನ ಕಡೆ ತಳ್ಳಿ ಒಲೆಗೆ ಮುಖ ಮಾಡಿ ಕೂರುತ್ತಿದ್ದಳು. ಸಾರು ಬೇಕೆಂದರೆ ಅಪ್ಪ ನನಗೆ ಹೇಳಬೇಕು, ನಾನು ಅವಳಿಗೆ ಹೇಳಬೇಕು. ಮೂರಡಿ ದೂರದಲ್ಲಿ ಕುಳಿತವರ ನಡುವೆ ಸಾರು ನನ್ನ ಬಾಯಿಂದ ಹೋಗುತ್ತಿತ್ತು. ಅಜ್ಜಿಗೆ ಇದು ತಡೆಯಲಾಗದೆ ತನ್ನ ಗಂಗಾಳ ತೆಗೆದುಕೊಂಡು ಹೋಗಿ ನಡುಮನೆಯಲ್ಲಿ ಉಣ್ಣತೊಡಗಿದಳು.

ಅಪ್ಪ ಮಿಷನ್ನಿಗೆ ಹೋಗಿ ಅಯ್ನೋರನ್ನು ಕರೆದುಕೊಂಡು ಬಂದ. ಅವರು ಬಟ್ಟೆಯ ಸುರುಳಿಯನ್ನೂ ತಂದರು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. ಆ ಹೆಂಗಸು ನಮಗೆ ದೊಡ್ಡವಳು, ಒಂದು ಊರಿಗೆ ಊರೇ ಅವಳ ಮಾತು ಕೇಳಿ ಬಂತು, ಅವಳನ್ನು ಹೀನವಾಗಿ ನಾವು ಯಾರೂ ಹೇಳುವುದಿಲ್ಲ ಎಂದರು. ಹೇಳುವವರು ಹೇಗೆ ಹೇಳಿದರೇನು, ಕೇಳಿದವರು ಐದರ ಹತ್ತಿರವೇ ನಿಂತುಬಿಟ್ಟಿದ್ದರು. ಅಪ್ಪ ಮುಖವನ್ನು ಅಳಿಸಿ ಬೇರೆ ಬರೆದುಕೊಡುತ್ತೇನೆ ಎಂದ. ಅಯ್ನೋರು ಒಪ್ಪಿದರು, ಇನ್ನು ಭರಮಸಾಗರಕ್ಕೆ ಈ ಬಟ್ಟೆ ಒಯ್ಯುವುದೇ ಇಲ್ಲ ಎಂದರು. ಆಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಅವರೆದುರು ಅವಳು ಅದುವರೆಗೆ ಮಾತಾಡಿದವಳಲ್ಲ.

"ಅಳಿಸಬ್ಯಾಡ್ರಿ ಅಯ್ನೋರೆ. ನೋಡೋರು ನೋಡಿ ಆಯ್ತು. ಈಗ ಅಳಿಸಿದ್ರೆ ಹೌದು ಅಂದಂಗಾಗ್ತದೆ. ಬರೋ ಸಂತೆಗೆ ಅಲ್ಲಿಗೇ ತಗೊಂಡು ಹೋಗ್ರಿ. ಇವನೂ ಬರ್ತಾನೆ. ಕತೆ ಮುಗಿದ ಮೇಲೆ ಎದ್ದು ನಿಂತು, ಇದು ನನ್ನ ಹೆಂಡತಿ ಮುಖ, ಇವಳಿಗೆ ತಾಳಿ ಕಟ್ಟಿದೋನು ನಾನು ಅಂತ ಹೇಳಲಿ. ಕಟ್ಟೋವಾಗ ಊರು ನೋಡ್ಲಿಲ್ಲ. ಈಗ ನೋಡ್ಲಿ."

ಅಯ್ನೋರು ಅಪ್ಪನ ಮುಖ ನೋಡಿದರು. ಅಪ್ಪ ಆಗಲಿ ಎಂದ. ಅಪ್ಪ ಎಂಥವನೆಂದರೆ ಬಸ್ಸಿನಲ್ಲಿ ಇಳಿಯುವ ಊರು ಬಂದರೂ ನಿಲ್ಲಿಸಿ ಎನ್ನಲಾರದೆ ಮುಂದಿನ ಊರಿಗೆ ಹೋಗಿ ನಡೆದು ಬರುವವನು. ಅವನು ಆಗಲಿ ಎಂದದ್ದೇ ದೊಡ್ಡದು. ಸಂತೆಯ ದಿನ ಬರುವವರೆಗೆ ಅವನು ಪಡಸಾಲೆಯಲ್ಲಿ ಬಟ್ಟೆಯ ಹಿಂದೆ ನಿಂತು ಆ ಮಾತನ್ನು ಗೋಡೆಗೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದುದನ್ನು ನಾನು ಕೇಳಿದ್ದೇನೆ. ಗೋಡೆಯ ಮುಂದೆ ಚೆನ್ನಾಗಿ ಬರುತ್ತಿತ್ತು. ಅವ್ವನೂ ಒಳಗಿಂದ ಕೇಳಿಸಿಕೊಂಡಿರಬೇಕು, ಯಾಕೆಂದರೆ ಹಿಂದಿನ ದಿನ ಅವಳೇ ಅವನ ಗಂಗಾಳಕ್ಕೆ, ಅವನು ಕೇಳದೆ, ಸಾರು ಬಿಟ್ಟಳು.

ಹೊರಡುವಾಗ ಅಜ್ಜಿ ಎಂದಿನಂತೆ ಬಟ್ಟೆಯ ಹಿಂಬದಿಗೆ ಭಂಡಾರ ಒತ್ತಿದಳು. ಬೆರಳಲ್ಲಿ ಉಳಿದದ್ದನ್ನು, ಕೈ ಒರೆಸಿಕೊಳ್ಳುವವಳ ಹಾಗೆ, ಅವ್ವನ ಹಣೆಗೆ ಒರೆಸಿ ಒಳಗೆ ಹೋದಳು. ಅವ್ವ ಅದನ್ನು ಅಳಿಸಿಕೊಳ್ಳಲೂ ಇಲ್ಲ, ಸರಿಮಾಡಿಕೊಳ್ಳಲೂ ಇಲ್ಲ.

ಭರಮಸಾಗರದ ಸಂತೆ ತುಂಬಿತ್ತು. ಆಚೆಗೆ ಕೆರೆಯ ಏರಿ, ಏರಿಯ ಮೇಲೆ ಕುರಿಗಳು. ನಿಲ್ಲಿಸಿದ್ದ ಗಾಡಿಯ ಮೂಕಿ ಮೇಲೆತ್ತಿ ಅದಕ್ಕೆ ಬಟ್ಟೆ ಕಟ್ಟಿದರು. ಮೆಣಸಿನಕಾಯಿ ರಾಶಿಗಳಾಚೆಯಿಂದಲೂ ಅವ್ವನ ಮುಖ ಕಾಣುತ್ತಿತ್ತು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಅವಳು ಮುಸುಕು ಎಳೆದುಕೊಂಡು ಹೆಂಗಸರ ಹಿಂದೆ ನಿಂತಿದ್ದಳು. ಬೆಲ್ಲದ ಅಂಗಡಿಯ ಹತ್ತಿರ ರಂಗಪ್ಪಮಾವ ಇದ್ದ, ನಮ್ಮನ್ನು ನೋಡಿ ಬೇರೆ ಕಡೆ ತಿರುಗಿದ. ಅಯ್ನೋರು ಕತೆ ಹೇಳಿದರು. ಅವತ್ತು ಅವರ ದನಿಯಲ್ಲಿ ಬಲವಿರಲಿಲ್ಲ. ಬಾವಿ ಬಂತು, ನೀರು ಬಂತು, ಗಂಡಂದಿರ ಮಾತು ಬರುವಲ್ಲಿ ಅದನ್ನು ದಾಟಿ ಹೆಂಗಸು ಊರೊಳಗೆ ಓಡುವುದಕ್ಕೆ ಹೋಗಿಬಿಟ್ಟರು. ನಮಗಾಗಿಯೇ ಬಿಟ್ಟರು. ಬಿಡಬಾರದಿತ್ತು. ಗುಂಪಿನಿಂದ ಯಾರೋ ಒಬ್ಬ ಗಂಡಸು ಕೂಗಿದ.

"ಐದು ಗಂಡಂದಿರನ್ನ ಎಲ್ಲಿ ಬಿಟ್ರಿ ಅಯ್ನೋರೆ? ಹೋದ ಸಲ ಇದ್ರಲ್ಲ."

ಜನ ನಕ್ಕರು. ಅಯ್ನೋರು ಕೋಲು ಕೆಳಗಿಳಿಸಿ ಅಪ್ಪನ ಕಡೆ ನೋಡಿದರು. ಅಪ್ಪ ಎದ್ದು ಬಟ್ಟೆಯ ಪಕ್ಕಕ್ಕೆ ಹೋಗಿ ನಿಂತ. ಬಾಯಿ ತೆರೆದ. ಜನರ ಕಡೆ ನೋಡಬೇಕಾದವನು ಬಟ್ಟೆಯ ಕಡೆ ತಿರುಗಿದ. ಅಲ್ಲಿ ಕೊಡದ ಕಂಠದ ಹತ್ತಿರ ಬಣ್ಣ ಸ್ವಲ್ಪ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿದ.

"ಇಲ್ಲಿ ಬಣ್ಣ ಎದ್ದೈತೆ," ಎಂದ. "ಸರಿ ಮಾಡ್ಬೇಕು."

ಅಷ್ಟೇ. ಕೊಡದ ಮೇಲೆ ಒತ್ತಿದ ಹೆಬ್ಬೆರಳನ್ನು ತೆಗೆಯಲೂ ಇಲ್ಲ. ಈಗ ನಗು ಜೋರಾಯಿತು, ಅವನು ಆಟವಾಡುತ್ತಿದ್ದಾನೆ ಎಂದುಕೊಂಡರು. ನನ್ನ ಕೈಯಿಂದ ಸೆರಗು ಜಾರಿತು. ಅವ್ವ ಹೆಂಗಸರನ್ನು ಸರಿಸಿಕೊಂಡು ಹೋಗಿ, ಬಟ್ಟೆಯ ಇನ್ನೊಂದು ಪಕ್ಕ ನಿಂತು, ಮುಸುಕು ತೆಗೆದಳು. ಆ ಮುಖ, ಈ ಮುಖ ಅಕ್ಕಪಕ್ಕ. ಅಪ್ಪ ಮೂಗು ದಪ್ಪ ಬರೆದಿರಲಿಲ್ಲ, ಸರಿಯಾಗಿಯೇ ಬರೆದಿದ್ದ.

"ನೋಡ್ಕಳ್ರಿ. ನನ್ನದೇ ಮುಖ. ನನಗೆ ಇಬ್ಬರು ಗಂಡಂದಿರು. ಒಬ್ಬ ಬಾಗೂರಲ್ಲಿ ಸತ್ತ, ನಿಮ್ಮಲ್ಲೇ ಎಷ್ಟೋ ಜನ ಹೋಗಿ ಮಣ್ಣು ಹಾಕಿ ಬಂದ್ರಿ. ಇನ್ನೊಬ್ಬ ಇಲ್ಲೇ ನಿಂತವ್ನೆ, ಅವನಿಗೆ ಮಾತು ಬರಲ್ಲ. ಉಳಿದ ಮೂವರು ಯಾರು ಅಂತ ನಿಮ್ಮೊಳಗೇ ಕೇಳ್ಕಳ್ರಿ."

ಗಂಡಸರ ನಗು ನಿಂತಿತು. ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕಳು. ಅವಳನ್ನು ನೋಡಿ ಇನ್ನೊಬ್ಬಳು, ಇನ್ನೊಬ್ಬಳು. ಮುಂದೆ ನಿಂತಿದ್ದ ಕೆಲವು ಗಂಡಸರು ಸಂತೆಯ ಕೆಲಸ ನೆನಪಾದವರಂತೆ ಚದುರಿದರು. ರಂಗಪ್ಪಮಾವ ಆಗಲೇ ಹೊರಟುಹೋಗಿದ್ದ. ಅವ್ವ ಮತ್ತೆ ಮುಸುಕು ಹಾಕಿಕೊಂಡು ನನ್ನ ಕೈ ಹಿಡಿದು, ಹೋಗಾಣ ನಡಿ ಎಂದಳು. ಬಸ್ಸು ಹತ್ತುವವರೆಗೂ ನನ್ನ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದೇ ಇದ್ದಳು. ಧೈರ್ಯವಂತೆ ಎಂದು ಯಾರಾದರೂ ಅವಳ ಕತೆ ಹೇಳಿದರೆ ನಾನು ಆ ಕೈಯ ಮಾತು ಹೇಳುತ್ತೇನೆ. ಅವಳಿಗೆ ಬೇಕಾಗಿದ್ದದ್ದು ಧೈರ್ಯವಲ್ಲ. ಆ ಮಾತನ್ನು ಅವಳೇ ಆಡಬೇಕಾಗಿ ಬರಬಾರದು ಎಂಬುದೊಂದೇ.

ವಾಪಸು ಬಸ್ಸಿನಲ್ಲಿ ನನ್ನನ್ನು ಕಿಟಕಿಗೆ ಕೂರಿಸಿ ಅವರಿಬ್ಬರೂ ಪಕ್ಕದಲ್ಲಿ ಕುಳಿತರು. ಬಹಳ ದೂರ ಬಂದ ಮೇಲೆ ಅಪ್ಪ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಾ ಹೇಳಿದ.

"ನಿಮ್ಮಣ್ಣನ ಮನೆ ಎದುರಿನ ಅಂಗಡಿಗೆ ನಾನು ಬೋರ್ಡು ಬರೀತಿದ್ದೆ. ಬಿಸಿಲು. ನೀರು ಕೇಳ್ದೆ. ಗಂಡ ಸತ್ತೋಳು ನಾನು, ನನ್ನ ಕೈಲಿ ಕುಡಿದ್ರೆ ನಿಮ್ಮ ಕೆಲಸ ಕೆಡ್ತದೆ, ಅತ್ತಿಗೇನ ಕರೀತೀನಿ ಅಂದೆ ನೀನು. ನೀನೇ ಕೊಡು ಅಂದೆ ನಾನು. ಅಯ್ನೋರು ಕತೆ ಹೇಳೋವಾಗ ನನಗೆ ಅದು ಬಿಟ್ಟು ಬೇರೆ ಯಾವುದೂ ಕಿವಿಗೆ ಬೀಳ್ಲಿಲ್ಲ. ಆ ಸ್ವಾಮಿ ನೀರು ಕೇಳಿದ್ದೊಂದೇ."

ಅವ್ವ ಇಷ್ಟನ್ನೂ ಕೇಳಿದಳು. ಅದು ನಿಜ ಎಂದು ಅವಳಿಗೆ ಗೊತ್ತಾಯಿತು, ಮುಖದಲ್ಲಿ ಕಂಡಿತು. ಬಸ್ಸು ಎರಡು ಊರು ದಾಟಿದ ಮೇಲೆ ಹೇಳಿದಳು.

"ಇದನ್ನ ಅಲ್ಲಿ ಹೇಳ್ಬೇಕಿತ್ತು."

ಗಂಗಿಯ ಮದುವೆಗೆ ಯಾರೂ ಕರೆಯಲು ಬರಲಿಲ್ಲ. ಆ ದಿನ ಅವ್ವ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಎಂದಿನಂತೆ ರಾಗಿ ಬೀಸಿದಳು. ಹಸಿರು ಕುಬಸದ ಬಟ್ಟೆಯಲ್ಲಿ ನನಗೆ ಕುಬಸವಾಯಿತು. ಮಾತು ಮತ್ತೆ ಬಂತು, ಸೌದೆ, ಉಪ್ಪು, ಮಗಳು ಕೆಮ್ಮುತ್ತಾಳೆ, ಇಂಥವು. ಅಜ್ಜಿ ತನ್ನ ಗಂಗಾಳ ಹಿಡಿದು ಅಡುಗೆಮನೆಗೆ ತಿರುಗಿ ಬಂದಳು. ಆದರೆ ದೇವರ ಮೂಲೆಯನ್ನು ಗುಡಿಸಲು ಪೊರಕೆ ನನ್ನ ಕೈಗೇ ಬರುತ್ತಿತ್ತು. ಅಪ್ಪ ಆಮೇಲೆ ಹೆಂಗಸರ ಮುಖ ಬರೆಯಲಿಲ್ಲ. ಅವನ ಚಿತ್ರಗಳಲ್ಲಿ ಹೆಂಗಸರೆಲ್ಲ ಬೆನ್ನು ಹಾಕಿ ನಿಂತರು, ಕೂತರೂ ಬೆನ್ನು ಹಾಕಿಯೇ ಕೂತರು.

ಸಂತೆಯಿಂದ ಬಂದ ಕೆಲವು ದಿನಕ್ಕೆ ಮಿಷನ್ನಿನಿಂದ ಹೊಸ ಬಟ್ಟೆ ಬಂದಿತ್ತು. ಅಪ್ಪ ಅದನ್ನು ಯಾವಾಗಿನಂತೆ ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟ. ಅವ್ವ ನೋಡಿದಳು. ಎದ್ದು ಹುಣಸೆಬೀಜದ ಡಬ್ಬ, ಸೋಸುವ ಸೀರೆತುಂಡು, ನುಣುಪು ಕಲ್ಲು ಮೂರನ್ನೂ ತಂದು ಬಟ್ಟೆಯ ಪಕ್ಕದಲ್ಲಿ ಸಾಲಾಗಿ ಇಟ್ಟು, ರೊಟ್ಟಿ ತಟ್ಟಲು ಕುಳಿತಳು. ಅಪ್ಪ ಅವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಮೂರು ಕಲ್ಲು ಹೂಡಿ ತಾನೇ ಅಂಟು ಕುದಿಸಿದ. ತಿರುವುವ ಕೈ ನಿಲ್ಲಿಸಬಾರದು ಎಂಬುದು ಅವನಿಗೆ ತಿಳಿದಿತ್ತು, ತಿಳಿದದ್ದು ಕೈಗೆ ಬರಲಿಲ್ಲ. ಆ ಚಿತ್ರ ಮುಗಿದ ಮೇಲೆ ಅಯ್ನೋರು ಬಂದು ಬಟ್ಟೆ ಬಿಡಿಸಿ ನೋಡಿದರು. ಸ್ವಾಮಿಯ ಕೆನ್ನೆಯ ಮೇಲೆ, ಹಣೆಯ ಮೇಲೆ, ಬಣ್ಣದ ಕೆಳಗೆಲ್ಲ ಗಂಟು. ಬೆರಳಾಡಿಸಿ, ಇದೇನು ತಿಪ್ಪಣ್ಣ, ಮೊದಲು ಹೀಗಿರಲಿಲ್ಲವಲ್ಲ ಎಂದು ಅಪ್ಪನನ್ನು ಕೇಳಿದರು. ಅಪ್ಪ ಅಡುಗೆಮನೆಯ ಕಡೆ ನೋಡಿದ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಲ್ಲಲಿಲ್ಲ.